ಹಳೇ ಬಟ್ಟೆಯಲ್ಲಿ ಮೊದಲ ಕೌದಿ: ಬೀರು ತೆಗೆಯುವುದರಿಂದ ಅಂಚು ಮಡಚುವವರೆಗೆ

ಕೌದಿ ಹೊಲಿಯಲು ದೊಡ್ಡ ಹೊಲಿಗೆ ವಿದ್ಯೆ ಬೇಕಿಲ್ಲ. ಸೂಜಿಗೆ ದಾರ ಪೋಣಿಸಿ ನೆಟ್ಟಗೆ ಒಂದು ಸಾಲು ಎಳೆಯುವಷ್ಟು ಬಂದರೆ ಸಾಕು, ಉಳಿದದ್ದು ಕೈಗೆ ತಾನೇ ಬರುತ್ತದೆ. ಕಷ್ಟ ಇರುವುದು ಬಟ್ಟೆ ಆರಿಸುವುದರಲ್ಲಿ. ಅಪ್ಪನ ಅಂಗಿ, ಅಜ್ಜಿಯ ಸೀರೆ, ಮಗಳ ಮೊದಲ ಲಂಗ ಎಂದು ನಾವು ಜೋಪಾನ ಮಾಡಿದ ಬಟ್ಟೆಗಳೇ ಸಾಮಾನ್ಯವಾಗಿ ಎಲ್ಲಕ್ಕಿಂತ ಸವೆದಿರುತ್ತವೆ. ಇಷ್ಟವಾದದ್ದನ್ನೇ ಹೆಚ್ಚು ಉಟ್ಟಿರುತ್ತಾರೆ, ಹೆಚ್ಚು ಒಗೆದಿರುತ್ತಾರೆ. ಅಂಥ ಬಟ್ಟೆಯನ್ನು ತಂದು ಕೌದಿಯ ತುದಿಗೆ ಹಚ್ಚಿದರೆ ಎರಡು ಚಳಿಗಾಲಕ್ಕೆ ಹರಿದು ನೂಲಾಗುತ್ತದೆ. ಆದ್ದರಿಂದ ಈ ಇಡೀ ಬರಹದಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ಭಾರ ಹೊರುವ ಕೆಲಸ ಗಟ್ಟಿ ಬಟ್ಟೆಗೆ ಕೊಡಿ, ಪ್ರೀತಿಯ ಬಟ್ಟೆಗೆ ಕೂರಲು ಜಾಗ ಕೊಡಿ.

ಧಾರವಾಡ, ಬಾಗಲಕೋಟೆ ಕಡೆಯ ಮನೆಗಳಲ್ಲಿ ಕೌದಿ ಎಂದರೆ ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತೇಪೆ ಇಟ್ಟು, ಉದ್ದಕ್ಕೂ ದಾರ ಹಾಯಿಸಿದ ಹೊದಿಕೆ. ಒಳಗೆ ಹತ್ತಿ ತುಂಬುವುದಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಹೆಂಗಸರು ಇದನ್ನೇ ಇನ್ನೊಂದು ರೀತಿ ಮಾಡುತ್ತಾರೆ. ಅವರ ಕವಂದಿಯಲ್ಲಿ ಹೊಲಿಗೆ ಹೊರ ಅಂಚಿನಿಂದ ಶುರುವಾಗಿ ಸುತ್ತುತ್ತ ನಡುವಿಗೆ ಬರುತ್ತದೆ, ತೇಪೆಗಳನ್ನು ಹೋಗುತ್ತ ಹೋಗುತ್ತಲೇ ಮಡಚಿ ಇಡುತ್ತಾರೆ. ಕಣ್ಣಳತೆ ಪಳಗಿದವರಿಗೆ ಅದು ಸರಿ. ಮೊದಲ ಸಲ ಸೂಜಿ ಹಿಡಿಯುವವರಿಗೆ ಚೌಕ ಕತ್ತರಿಸಿ ಮೇಲ್ಪದರವನ್ನು ಮೊದಲೇ ಕೂಡಿಸಿಕೊಂಡು, ಆಮೇಲೆ ಕೌದಿಯಂತೆ ಸಾಲು ಹೊಲಿಗೆ ಹಾಕುವುದು ಸುಲಭ. ಇಲ್ಲಿರುವುದು ಆ ದಾರಿ. ಬೆಂಗಳೂರಿನ ಚಳಿಗೆ ದಪ್ಪ ರಜಾಯಿ ಬೇಕಾಗಿಯೂ ಇಲ್ಲ. ಡಿಸೆಂಬರ್-ಜನವರಿಯ ರಾತ್ರಿಗೆ ನಾಲ್ಕು ಪದರ ಹತ್ತಿ ಬಟ್ಟೆ ಸಾಕು, ಜೂನ್-ಜುಲೈನ ಜಡಿಮಳೆಗೂ ಅದೇ ಹಿತ.

ಮೊದಲು ಅಳತೆ

ಮಂಚದ ತುಂಬ ಹೊದೆಯುವಂಥದ್ದಕ್ಕೆ ಕೈ ಹಾಕಬೇಡಿ. 40 ಇಂಚು ಅಗಲ, 58 ಇಂಚು ಉದ್ದದ ಕೌದಿ ಮಾಡಿ. ಸೋಫಾ ಮೇಲೆ ಕೂತು ಕಾಲಿಗೆ ಹೊದೆಯಲು, ಮಗುವಿಗೆ ಹೊದಿಸಲು, ಮಧ್ಯಾಹ್ನ ಅಡ್ಡಾಗಲು ಸರಿಯಾದ ಅಳತೆ.

ಈ ಅಳತೆಗೆ ಇನ್ನೊಂದು ಕಾರಣ ಸೀರೆ. ಸೀರೆಯ ಅಗಲ ಸಾಮಾನ್ಯವಾಗಿ 44ರಿಂದ 47 ಇಂಚು. ಕೌದಿ 40 ಇಂಚಿನೊಳಗೆ ಇದ್ದರೆ ಬೆನ್ನಿಗೆ ಹಾಕುವ ಬಟ್ಟೆಯನ್ನು ಕೂಡಿಸುವ ರಗಳೆಯೇ ಇಲ್ಲ. ಐದೂವರೆ ಮೀಟರ್ ಎಂದರೆ ಸುಮಾರು 216 ಇಂಚು. ಅದರಲ್ಲಿ 62 ಇಂಚಿನ ಮೂರು ತುಂಡು ಬರುತ್ತವೆ: ಒಂದು ಬೆನ್ನಿಗೆ, ಎರಡು ಒಳಗಿನ ಪದರಕ್ಕೆ. ಅಂದರೆ ಮೇಲಿನ ತೇಪೆ ಪದರ ಬಿಟ್ಟು ಉಳಿದದ್ದೆಲ್ಲ ಒಂದೇ ಹತ್ತಿ ಸೀರೆಯಲ್ಲಿ ಮುಗಿಯುತ್ತದೆ. ಸೀರೆಗೆ ಫಾಲ್ ಹಚ್ಚಿದ್ದರೆ ಮೊದಲು ಅದನ್ನು ಬಿಚ್ಚಿ. ಬಿಚ್ಚಿದ ಮೇಲೆ ಅಲ್ಲಿ ಬಣ್ಣ ಬೇರೆಯೇ ಕಾಣುತ್ತದೆ, ಅದು ಒಳಮುಖಕ್ಕೆ ಹೋಗಲಿ.

ಮೇಲ್ಪದರಕ್ಕೆ 6 ಇಂಚಿನ ಚೌಕಗಳು, ಅಡ್ಡಕ್ಕೆ ಆರು, ಉದ್ದಕ್ಕೆ ಒಂಬತ್ತು. ಒಟ್ಟು 54. ಸುತ್ತಲೂ 2 ಇಂಚಿನ ಅಂಚು. ದೊಡ್ಡವರ ಒಂದು ತುಂಬುತೋಳಿನ ಅಂಗಿಯಲ್ಲಿ ಕಾಲರು, ಕಂಕುಳು ಬಿಟ್ಟು ಹತ್ತು-ಹನ್ನೆರಡು ಚೌಕ ಸಿಗುತ್ತವೆ. ಮಗುವಿನ ಫ್ರಾಕಿನಲ್ಲಿ ಎರಡೋ ಮೂರೋ. ಏಳೆಂಟು ಬಟ್ಟೆ ಇದ್ದರೆ ಧಾರಾಳ.

ಯಾವ ಬಟ್ಟೆ ಬರುತ್ತದೆ, ಯಾವುದು ಬರುವುದಿಲ್ಲ

ಕಿಟಕಿಯ ಎದುರು ಬಟ್ಟೆಯನ್ನು ಎತ್ತಿ ಹಿಡಿಯಿರಿ. ನೇಯ್ಗೆ ಸಮವಾಗಿ ಕಂಡರೆ ಸರಿ. ಎಲ್ಲೋ ಒಂದು ಕಡೆ ಬೆಳಕು ಜಾಸ್ತಿ ತೂರಿ ಬರುತ್ತಿದ್ದರೆ ಅಲ್ಲಿ ಸವೆದಿದೆ ಎಂದು ಅರ್ಥ. ಆಮೇಲೆ ಎರಡು ಹೆಬ್ಬೆರಳ ನಡುವೆ ಹಿಡಿದು ಹಾಸಿನ (ಉದ್ದ ಎಳೆಯ) ದಿಕ್ಕಿಗೊಮ್ಮೆ, ಹೊಕ್ಕಿನ (ಅಡ್ಡ ಎಳೆಯ) ದಿಕ್ಕಿಗೊಮ್ಮೆ ಜಗ್ಗಿ. ಎಳೆ ಸರಿದು ಸಣ್ಣ ಸದ್ದಾದರೆ ಆ ಬಟ್ಟೆ ಒಂಟಿಯಾಗಿ ನಿಲ್ಲುವುದಿಲ್ಲ. ಅಂಗಿಯಲ್ಲಿ ಕಂಕುಳು, ಕಾಲರು, ಮೊಣಕೈ ಬೆವರಿಗೂ ತಿಕ್ಕಾಟಕ್ಕೂ ಮೊದಲು ಸಾಯುತ್ತವೆ. ಬೆನ್ನು ಮತ್ತು ಅಂಗಿಯ ಕೆಳಭಾಗ ಹೊಸದರಂತೆ ಇರುತ್ತವೆ, ಪ್ಯಾಂಟಿನೊಳಗೆ ಸಿಕ್ಕಿಸಿಕೊಳ್ಳುತ್ತಿದ್ದ ಭಾಗವಂತೂ ಬಣ್ಣವೂ ಮಾಸಿರುವುದಿಲ್ಲ.

ಹತ್ತಿ ಅಂಗಿ, ವಾಯಿಲ್ ಸೀರೆ, ನೈಟಿ, ಪಂಚೆ, ಹಳೇ ಹಾಸಿಗೆ ಹೊದಿಕೆ, ಪಾಪ್ಲಿನ್ ಲಂಗ ಇವೆಲ್ಲ ಸೊಗಸಾಗಿ ಹೊಂದಿಕೊಳ್ಳುತ್ತವೆ. ನೈಟಿಯನ್ನು ಯಾರೂ ನೆನಪಿನ ಬಟ್ಟೆ ಎಂದು ಎಣಿಸುವುದಿಲ್ಲ, ಆದರೆ ಅಡುಗೆಮನೆಯಲ್ಲಿ ಅಮ್ಮನನ್ನು ನಾವು ನೋಡಿರುವುದು ಹೆಚ್ಚಾಗಿ ಅದರಲ್ಲೇ ಅಲ್ಲವೇ? ಸ್ಕೂಲ್ ಯೂನಿಫಾರ್ಮ್ ಟೆರಿಕಾಟ್ ಆಗಿದ್ದರೂ ಪರವಾಗಿಲ್ಲ. ಗಟ್ಟಿ ಬಟ್ಟೆ, ಬಣ್ಣ ಬಿಡದು, ತುದಿಗೆ ಹಾಕಲು ಅದಕ್ಕಿಂತ ಒಳ್ಳೆಯದಿಲ್ಲ. ಕಂಠಪಟ್ಟಿ ಹರಿದ ಟೀ ಶರ್ಟು ಹಿಗ್ಗುತ್ತದೆ, ಹಾಗಾಗಿ ಅದರ ಬೆನ್ನಿಗೆ ಇಸ್ತ್ರಿ ಹಾಕಿದರೆ ಅಂಟಿಕೊಳ್ಳುವ ತೆಳು ಫ್ಯೂಸಿಂಗ್ ಹಚ್ಚಿ ಆಮೇಲೆ ಕತ್ತರಿಸಬೇಕು. ಜೀನ್ಸ್ ಬೇಡ. ಕೈಸೂಜಿ ತೂರುವುದಿಲ್ಲ, ಅದರ ಭಾರಕ್ಕೆ ಪಕ್ಕದ ವಾಯಿಲ್ ಹರಿಯುತ್ತದೆ. ಜಾರ್ಜೆಟ್, ಶಿಫಾನ್ ಕೂಡ ಮೊದಲ ಕೌದಿಗೆ ಬೇಡ. ಜಾರಿ ಜಾರಿ ಪ್ರಾಣ ತಿನ್ನುತ್ತವೆ.

ರೇಷ್ಮೆ ಸೀರೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ವರ್ಷಗಟ್ಟಲೆ ಮಡಚಿಟ್ಟ ರೇಷ್ಮೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಜರಿ ಅಂಚು ಗಡುಸು, ಮೈಗೆ ಚುಚ್ಚುತ್ತದೆ. ರೇಷ್ಮೆಯ ಕಡುಗೆಂಪು, ಕಡುನೀಲಿ ನೀರು ಕಂಡರೆ ಬಣ್ಣ ಬಿಡುವುದೂ ಉಂಟು. ಆದರೂ ಮದುವೆ ಸೀರೆಯ ಒಂದು ತುಂಡು ಬೇಕೇ ಬೇಕೆಂದರೆ ಮಡಿಕೆ ಇಲ್ಲದ ಒಡಲ ಭಾಗದಿಂದ ಎರಡು ಮೂರು ಚೌಕ ತೆಗೆದು, ಪ್ರತಿಯೊಂದರ ಹಿಂದೆ ಅದೇ ಅಳತೆಯ ಹತ್ತಿ ವಾಯಿಲ್ ಇಟ್ಟು ಎರಡನ್ನೂ ಸೇರಿಸಿ ಒಂದೇ ಬಟ್ಟೆ ಎಂಬಂತೆ ಬಳಸಿ. ಸವೆದ ಹತ್ತಿಗೂ ಇದೇ ಉಪಾಯ. ಜರಿ ಸೆರಗನ್ನು ಕೌದಿಗೆ ಹಾಕುವುದಕ್ಕಿಂತ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಬಟ್ಟೆ ಹತ್ತಿಯೋ ಅಲ್ಲವೋ ಎಂಬ ಅನುಮಾನ ಬಂದರೆ ನಾಲ್ಕು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ. ಹತ್ತಿ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಇದು ಇಸ್ತ್ರಿಯ ಬಿಸಿ ಎಷ್ಟಿರಬೇಕೆಂದು ತಿಳಿಯಲೂ ಬೇಕು.

ಕತ್ತರಿ ಹಾಕುವ ಮುನ್ನ

ಮನೆಯವರನ್ನು ಕೇಳಿ. ಇದು ಸೌಜನ್ಯದ ಮಾತಷ್ಟೇ ಅಲ್ಲ. ತೀರಿಹೋದವರ ಬಟ್ಟೆ ಮನೆಯಲ್ಲಿ ಇರಬಾರದು, ಯಾರಿಗಾದರೂ ಕೊಟ್ಟುಬಿಡಬೇಕು ಎನ್ನುವ ಮನೆಗಳು ಬೇಕಾದಷ್ಟಿವೆ. ಅದೇ ಬಟ್ಟೆ ಹೊದ್ದು ಮಲಗುವುದೆಂದರೆ ಕೆಲವರಿಗೆ ಸರಿ ಕಾಣದು. ಬದುಕಿರುವವರ ಬಟ್ಟೆಯದ್ದು ಬೇರೆ ತಕರಾರು. ಹಸಿರು ಚುಕ್ಕಿಯ ವಾಯಿಲ್ ಸೀರೆ ತೆಗೆದಿಟ್ಟದ್ದು ಕಂಡು ನಮ್ಮಮ್ಮ, “ಅಯ್ಯೋ, ಇನ್ನೂ ಚೆನ್ನಾಗಿದೆಯಲ್ಲೇ, ಯಾಕೆ ಹಾಳು ಮಾಡ್ತೀಯಾ?” ಅಂದರು. “ನೀನು ಉಟ್ಟು ಎಷ್ಟು ವರ್ಷ ಆಯ್ತಮ್ಮ?” ಅಂದೆ. “ಉಡದಿದ್ರೇನು, ಇರಲಿ ಬಿಡು.” ಅರ್ಧ ಸೀರೆ ಕೊಟ್ಟರು, ಸೆರಗಿರುವ ಅರ್ಧ ಇವತ್ತಿಗೂ ಅವರ ಬೀರುವಿನಲ್ಲಿದೆ. ಇಂಥ ರಾಜಿಗೆ ಸಿದ್ಧವಾಗಿರಿ. ಹಳೇ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುವ ವ್ಯಾಪಾರ ನಡೆಯುವ ಮನೆಯಾದರೆ ನಿಮ್ಮ ಗಂಟಿನ ಮೇಲೆ ದೊಡ್ಡದಾಗಿ ಹೆಸರು ಬರೆದಿಡಿ.

ಕತ್ತರಿಸುವ ಮೊದಲು ಪ್ರತಿ ಬಟ್ಟೆಯನ್ನೂ ಇಡಿಯಾಗಿ ಹಾಸಿ ಒಂದು ಫೋಟೊ ತೆಗೆಯಿರಿ.

ಎಲ್ಲವನ್ನೂ ಒಗೆಯಿರಿ, ಬೇರೆ ಬೇರೆಯಾಗಿ. ಕಡುಬಣ್ಣದ ಬಟ್ಟೆಯ ಒಂದು ಮೂಲೆ ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿ. ಬಿಳಿಗೆ ಕಲೆ ಬಂದರೆ ಮತ್ತೆ ಒಗೆಯಿರಿ, ಮೂರನೇ ಸಲಕ್ಕೂ ಬಂದರೆ ಆ ಬಟ್ಟೆ ಬಿಟ್ಟುಬಿಡಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬುದನ್ನು ನೆಚ್ಚಿಕೊಳ್ಳಬೇಡಿ. ಬೋರ್‌ವೆಲ್ ನೀರಿರುವ ಬಡಾವಣೆಯವರು ಕೊನೆಯ ಜಾಲಾಟ ಒಂದು ಹೆಚ್ಚೇ ಮಾಡಿ, ಗಡಸು ನೀರಿನಲ್ಲಿ ಸೋಪು ಪೂರ್ತಿ ಬಿಡುವುದಿಲ್ಲ.

ಹಳೇ ವಾಯಿಲ್ ಎಷ್ಟು ಮೆತ್ತಗಾಗಿರುತ್ತದೆಂದರೆ ಗೆರೆ ಎಳೆದರೆ ಸೀಸದ ಕಡ್ಡಿಯ ಜೊತೆಗೇ ಓಡುತ್ತದೆ. ಅದಕ್ಕೆ ಅನ್ನದ ಗಂಜಿ ಮದ್ದು. ತೆಳ್ಳಗೆ ಗಂಜಿ ಹಾಕಿ ಒಣಗಿಸಿ, ಸ್ವಲ್ಪ ತೇವ ಇರುವಾಗಲೇ ಇಸ್ತ್ರಿ ಮಾಡಿದರೆ ಕಾಗದದ ಹಾಗೆ ನಿಲ್ಲುತ್ತದೆ. ಕೌದಿ ಮುಗಿದು ಮೊದಲ ಸಲ ಒಗೆದಾಗ ಹೊರಟುಹೋಗುತ್ತದೆ. ಗಂಜಿ ಹಾಕಿದ ಚೌಕಗಳನ್ನು ತಿಂಗಳುಗಟ್ಟಲೆ ಇಡಬೇಡಿ, ಜಿರಲೆ ಮತ್ತು ಬೆಳ್ಳಿಹುಳಕ್ಕೆ ಅದು ಊಟ.

ಕತ್ತರಿಸುವುದು

ಮನೆಯಲ್ಲಿ ಹಳೇ ಎಕ್ಸ್‌ರೇ ಹಾಳೆ ಇದ್ದರೆ ಅದರಿಂದ 7 ಇಂಚಿನ ಚೌಕ ಕತ್ತರಿಸಿಕೊಳ್ಳಿ. ಸುತ್ತಲೂ ಅರ್ಧ ಇಂಚು ಒಳಗೆ ಗೆರೆ ಕೊರೆಯಿರಿ. ಹೊರಗಿನದು ಕತ್ತರಿಯ ಗೆರೆ, ಒಳಗಿನ 6 ಇಂಚು ಕೊನೆಗೆ ಕಾಣುವ ಭಾಗ. ಕ್ವಿಲ್ಟ್ ಮಾಡುವವರು ಕಾಲು ಇಂಚು ಬಿಡುವುದು ರೂಢಿ, ಆದರೆ ಹಳೇ ಬಟ್ಟೆಯ ಎಳೆ ಬೇಗ ಬಿಚ್ಚಿಕೊಳ್ಳುವುದರಿಂದ ನಾನು ಅರ್ಧ ಇಂಚನ್ನೇ ಹೇಳುತ್ತೇನೆ. ಹಾಳೆಯ ಮೂಲಕ ಬಟ್ಟೆ ಕಾಣುವುದರಿಂದ ಹೂವನ್ನೋ ಬುಟ್ಟಾವನ್ನೋ ಸರಿಯಾಗಿ ನಡುವಿಗೆ ತರಬಹುದು. ಕಂಪಾಸು ಪೆಟ್ಟಿಗೆಯ ಮೂಲೆಮಟ್ಟದಿಂದ ಮೂಲೆಗಳನ್ನು ಪರೀಕ್ಷಿಸಿ. ಚೌಕದ ಒಂದು ಬದಿ ಹಾಸಿನ ಎಳೆಯ ಜೊತೆಗೇ ಇರಬೇಕು. ಓರೆಯಾಗಿ ಕತ್ತರಿಸಿದ್ದು ಹೊಲಿಯುವಾಗ ಹಿಗ್ಗುತ್ತದೆ.

ಅಂಗಿಯ ಜೇಬನ್ನು ಬಿಚ್ಚಬೇಡಿ. ಜೇಬು ಸಾಮಾನ್ಯವಾಗಿ ಆರು ಇಂಚಿನ ಚೌಕದೊಳಗೆ ಹಿಡಿಸುತ್ತದೆ. ಅಪ್ಪನ ತಿಳಿನೀಲಿ ಅಂಗಿಯ ಜೇಬಿನ ತಳದಲ್ಲಿ ಪೆನ್ನು ಸೋರಿದ ಮಸಿಯ ಕಲೆ ಇದೆ, ಅದರ ಮೇಲ್ತುದಿಯಲ್ಲಿ ಕ್ಲಿಪ್ಪು ಸಿಕ್ಕಿಸಿ ಸಿಕ್ಕಿಸಿ ನೂಲು ತೆಳುವಾಗಿದೆ. ಹೊಸ ಬಟ್ಟೆಯ ಯಾವ ಕಸೂತಿಯೂ ಅದಕ್ಕೆ ಸಮ ಬಾರದು. ಜೇಬಿನ ಬಾಯನ್ನು ಮಾತ್ರ ಸಣ್ಣ ಹೊಲಿಗೆಯಲ್ಲಿ ಮುಚ್ಚಿ, ಇಲ್ಲವಾದರೆ ಮಲಗಿದವರ ಬೆರಳು ಅಲ್ಲೇ ಸಿಕ್ಕಿಕೊಂಡು ಹರಿಯುತ್ತದೆ. ಗುಂಡಿಗಳನ್ನು ತೆಗೆದುಬಿಡಿ, ಮೈಗೆ ಒತ್ತುತ್ತವೆ.

ಅಂಚಿಗೆ ಇನ್ನೊಂದು ಗಟ್ಟಿ ಹತ್ತಿ ಸೀರೆಯ ಬಾರ್ಡರು ತೆಗೆದುಕೊಳ್ಳಿ. 3 ಇಂಚು ಅಗಲದ ಪಟ್ಟಿಗಳು: 55 ಇಂಚಿನ ಎರಡು, 41 ಇಂಚಿನ ಎರಡು. ಒಟ್ಟು 192 ಇಂಚು. ಸೀರೆಯ ಒಂದೇ ಬದಿಯ ಬಾರ್ಡರಿನಲ್ಲಿ ಸಿಗುತ್ತದೆ.

ಹೊರಗಿನಿಂದ ತರಬೇಕಾದ್ದು ಕಡಿಮೆ. ದಪ್ಪ ಹತ್ತಿ ದಾರ, ಕಣ್ಣು ಉದ್ದವಿರುವ ಸೂಜಿಗಳು, ಬೆರಳಿಗೆ ಹಾಕುವ ಥಿಂಬಲ್, ಟೈಲರ್ ಚಾಕ್, ಸೇಫ್ಟಿ ಪಿನ್. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರದಲ್ಲೋ ಫಾಲ್, ಲೈನಿಂಗ್ ಮಾರುವ ಯಾವ ಮ್ಯಾಚಿಂಗ್ ಸೆಂಟರ್‌ನಲ್ಲೂ ಸಿಗುತ್ತವೆ. ಹತ್ತಾರು ಬಣ್ಣದ ದಾರ ಕೈಯಲ್ಲಿ ಹಿಡಿದು ನೋಡಬೇಕೆಂದರೆ ಚಿಕ್ಕಪೇಟೆ ಮೆಟ್ರೊ ಇಳಿದು ಅವೆನ್ಯೂ ರಸ್ತೆ, ರಾಜಾ ಮಾರ್ಕೆಟ್ ಕಡೆ ಹೋಗಿ, ಭಾನುವಾರ ಬೇಡ.

ಹಾಸಿ ನೋಡುವುದು

54 ಚೌಕಗಳನ್ನು ಹಾಸಿಗೆಯ ಮೇಲೆ ಹರಡಿ. ಇಲ್ಲಿ ಎರಡು ದಿನ ಆದರೂ ಆಗಲಿ. ಕೌದಿ ಬೇಗ ಸವೆಯುವುದು ಸುತ್ತಲಿನ ಅಂಚಿನಲ್ಲಿ ಮತ್ತು ಮುಖದ ಕಡೆ. ಹೊದೆಯುವವರು ಎಳೆದುಕೊಳ್ಳುವುದು ಅಲ್ಲೇ, ತಲೆಯ ಕೊಬ್ಬರಿ ಎಣ್ಣೆ ಹತ್ತುವುದೂ ಅಲ್ಲೇ. ಆದ್ದರಿಂದ ಮೇಲಿನ ಎರಡು ಸಾಲಿಗೆ ಗಟ್ಟಿಯಾದ, ಕಡುಬಣ್ಣದ ಬಟ್ಟೆ ಇಡಿ: ಯೂನಿಫಾರ್ಮ್, ದಪ್ಪ ಅಂಗಿ, ಚೌಕಳಿ ಲುಂಗಿ. ಅಜ್ಜಿಯ ಸವೆದ ಸೀರೆ, ಮಗುವಿನ ಜುಬ್ಬ, ರೇಷ್ಮೆ ತುಂಡು ಒಳಗಿನ ಸಾಲುಗಳಲ್ಲಿ ಇರಲಿ, ಅಂಚಿನಿಂದ ಕನಿಷ್ಠ ಎರಡು ಚೌಕ ಒಳಗೆ. ಎರಡು ದುರ್ಬಲ ಚೌಕಗಳು ಅಕ್ಕಪಕ್ಕ ಬರಬಾರದು.

ಬಣ್ಣ ಹೊಂದುತ್ತದೋ ಇಲ್ಲವೋ ತಿಳಿಯದಿದ್ದರೆ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದು ನೋಡಿ. ತಿಳಿ, ಕಡು ಹರಡಿಕೊಂಡಿದ್ದರೆ ಬಣ್ಣ ಯಾವುದಿದ್ದರೂ ಕಣ್ಣಿಗೆ ಹಿತವಾಗುತ್ತದೆ. ಒಪ್ಪಿಗೆಯಾದ ಮೇಲೆ ಪ್ರತಿ ಸಾಲಿನ ಮೊದಲ ಚೌಕಕ್ಕೆ ನಂಬರ್ ಚೀಟಿ ಚುಚ್ಚಿ, ಎಡದಿಂದ ಬಲಕ್ಕೆ ಪೇರಿಸಿಡಿ.

ಕೂಡಿಸುವುದು

ಎರಡು ಚೌಕಗಳ ಬಣ್ಣದ ಮುಖ ಒಳಗಿಟ್ಟು, ಅರ್ಧ ಇಂಚಿನ ಗೆರೆಯ ಮೇಲೆ ಹೊಲಿಯಿರಿ. ಹೀಗೆ ಆರು ಚೌಕದ ಒಂಬತ್ತು ಸಾಲು. ಕೈಯಲ್ಲಾದರೆ ಸಣ್ಣ ಸಾಲು ಹೊಲಿಗೆ, ಎರಡು ಇಂಚಿಗೊಮ್ಮೆ ಸೂಜಿ ಒಂದು ಹೆಜ್ಜೆ ಹಿಂದೆ ಬಂದು ಮುಂದೆ ಹೋಗುವ ಹಿಂದಿರುಗು ಹೊಲಿಗೆ. ಮಿಷನ್ ಇದ್ದರೆ ಈ ಹಂತ ಎರಡು ಸಂಜೆಯ ಕೆಲಸ. ಬ್ಲೌಸ್ ಹೊಲಿಯುವ ಟೈಲರ್ ಹತ್ತಿರ ಕೊಟ್ಟರೂ ತಪ್ಪಿಲ್ಲ, ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ಮಾತ್ರ ಕೇಳಲೇಬೇಡಿ.

ಒಂದನೇ ಸಾಲಿನ ಹೊಲಿಗೆ ಮಡಿಕೆಗಳನ್ನು ಎಡಕ್ಕೆ ಇಸ್ತ್ರಿ ಮಾಡಿ, ಎರಡನೇ ಸಾಲಿನದ್ದು ಬಲಕ್ಕೆ, ಮೂರನೆಯದು ಎಡಕ್ಕೆ. ಸಾಲುಗಳನ್ನು ಒಂದಕ್ಕೊಂದು ಸೇರಿಸುವಾಗ ಆ ಮಡಿಕೆಗಳು ಎದುರುಬದುರಾಗಿ ಕಚ್ಚಿಕೊಂಡು ಮೂಲೆಗಳು ತಾವೇ ಕೂಡುತ್ತವೆ. ಪ್ರತಿ ಕೂಡುಗೆರೆಗೆ ಒಂದು ಗುಂಡುಸೂಜಿ ಚುಚ್ಚಿಕೊಂಡೇ ಹೊಲಿಯಿರಿ. ಎಲ್ಲ ಸೇರಿದಾಗ ಅಳತೆ 37 × 55 ಬರಬೇಕು. ಈಗ 55 ಇಂಚಿನ ಪಟ್ಟಿಗಳನ್ನು ಉದ್ದದ ಬದಿಗೆ, ಆಮೇಲೆ 41 ಇಂಚಿನವನ್ನು ಅಗಲದ ಬದಿಗೆ. ಮೇಲ್ಪದರ ಈಗ 41 × 59. ಅರ್ಧ ಇಂಚು ಆಚೀಚೆಯಾದರೆ ತಲೆ ಕೆಡಿಸಿಕೊಳ್ಳಬೇಡಿ, ಪಟ್ಟಿಯನ್ನು ನಿಮ್ಮ ಅಳತೆಗೆ ಕತ್ತರಿಸಿ.

ಪದರ ಹಾಸುವುದು

ನೆಲ ಒರೆಸಿ. ವಿಟ್ರಿಫೈಡ್ ಟೈಲ್ಸ್ ನೆಲವಾದರೆ ಅದರ ಗೆರೆಗಳೇ ಮೂಲೆಮಟ್ಟ; ಬೆನ್ನಿನ ಸೀರೆಯ ತುಂಡನ್ನು ಬಣ್ಣದ ಮುಖ ಕೆಳಗೆ ಮಾಡಿ, ಟೈಲ್ಸ್ ಗೆರೆಗೆ ಸರಿಯಾಗಿ ಹಾಸಿ, ನಾಲ್ಕೂ ಬದಿಗೆ ಪ್ಯಾಕಿಂಗ್ ಟೇಪ್ ಅಂಟಿಸಿ. ಬಿಗಿಯಾಗಿ ಜಗ್ಗಬೇಡಿ, ಸುಕ್ಕಿಲ್ಲದಷ್ಟು ಸಾಕು. ಅದರ ಮೇಲೆ ಒಳಪದರದ ಎರಡು ತುಂಡು, ಅದರ ಮೇಲೆ ತೇಪೆಯ ಪದರ ನಡುವಿಗೆ ಬರುವಂತೆ, ಬಣ್ಣದ ಮುಖ ಮೇಲಕ್ಕೆ.

ಇನ್ನು ಕಚ್ಚಾ ಹೊಲಿಗೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ, ಸೊಂಟ ನೋವಿನ ನೆಪವನ್ನೂ ಹೇಳಬೇಡಿ. ನಡುವಿನಿಂದ ಶುರುಮಾಡಿ ಹೊರಕ್ಕೆ, ಎರಡು ಇಂಚಿನಷ್ಟು ಉದ್ದುದ್ದ ಹೊಲಿಗೆ, ಗೇಣಿಗೊಂದು ಸಾಲು, ಉದ್ದಕ್ಕೂ ಅಡ್ಡಕ್ಕೂ. ಬಿಳಿ ದಾರ ಬಳಸಿ, ಕೊನೆಗೆ ಕಿತ್ತು ತೆಗೆಯುವಂಥದ್ದು. ಕೆಳಗೆ ಕೂರಲಾಗದವರು ಊಟದ ಮೇಜಿನ ಮೇಲೆ ಹಾಸಿ ಅಂಗೈ ಅಗಲಕ್ಕೊಂದು ಸೇಫ್ಟಿ ಪಿನ್ ಹಾಕಬಹುದು.

ಕೌದಿ ಹೊಲಿಗೆ

ದಾರ ಒಂದು ಮೊಳಕ್ಕಿಂತ ತುಸು ಉದ್ದ ಸಾಕು. ಉದ್ದ ತೆಗೆದುಕೊಂಡರೆ ಗಂಟು ಬೀಳುತ್ತದೆ, ಪ್ರತಿ ಸಲ ಬಟ್ಟೆಯೊಳಗೆ ಹಾಯ್ದು ಸವೆಯುತ್ತದೆ. ಗಂಟು ಹಾಕಿದ ತುದಿಯನ್ನು ಮೇಲ್ಪದರದೊಳಗೆ ತೂರಿಸಿ ಸ್ವಲ್ಪ ಜಗ್ಗಿದರೆ ಗಂಟು ಟಕ್ಕನೆ ಒಳಗೆ ಹೋಗಿ ಕೂರುತ್ತದೆ.

ಮೊದಲ ಸಾಲನ್ನು ನಡುವೆ ಉದ್ದಕ್ಕೆ ಹಾಕಿ. ಆಮೇಲೆ ಅದರ ಎಡಕ್ಕೊಂದು, ಬಲಕ್ಕೊಂದು. ಸಾಲಿಗೂ ಸಾಲಿಗೂ ಒಂದೂವರೆ ಇಂಚು ಅಂತರ. ದುರ್ಬಲ ಚೌಕ ಬಂದಲ್ಲಿ ನಡುವೆ ಇನ್ನೊಂದು ಸಾಲು ಸೇರಿಸಿ, ಮುಕ್ಕಾಲು ಇಂಚಿಗೆ ಇಳಿಸಿ. ಸವೆದ ಬಟ್ಟೆಯನ್ನು ಕಾಯುವುದು ಈ ಒತ್ತಾದ ಹೊಲಿಗೆಯೇ: ಎಳೆತ ಬಂದಾಗ ಭಾರ ಮೇಲಿನ ತೆಳು ಬಟ್ಟೆಗೆ ಬೀಳದೆ ನಾಲ್ಕೂ ಪದರಕ್ಕೆ ಹಂಚಿಹೋಗುತ್ತದೆ. ಇಂಚಿಗೆ ನಾಲ್ಕು ಹೊಲಿಗೆ ಬಂದರೆ ಚೆನ್ನ, ಮೂರು ಬಂದರೂ ಕೌದಿಯೇ. ಎಷ್ಟು ಸಣ್ಣದು ಎನ್ನುವುದಕ್ಕಿಂತ ಎಲ್ಲವೂ ಒಂದೇ ಅಳತೆ ಇರುವುದು ಮುಖ್ಯ. ಸೂಜಿಯ ಮೇಲೆ ಮೂರು ನಾಲ್ಕು ಹೊಲಿಗೆ ಏರಿಸಿಕೊಂಡು ಒಮ್ಮೆಗೇ ಎಳೆಯಿರಿ. ಚೌಕಗಳ ಕೂಡುಗೆರೆಯಲ್ಲಿ ಬಟ್ಟೆ ದಪ್ಪವಾಗುವುದರಿಂದ ಅಲ್ಲಿ ಮಾತ್ರ ಒಂದೊಂದಾಗಿ ಮೇಲಿಂದ ಕೆಳಕ್ಕೆ ಚುಚ್ಚಿ ತೆಗೆಯಬೇಕು. ಪ್ರತಿ ಸಾಲು ಮುಗಿದಾಗ ಕೌದಿ ತಿರುಗಿಸಿ ಬೆನ್ನಿನ ಮೇಲೆ ಅಂಗೈ ಆಡಿಸಿ. ಮಡಿಕೆ ಸಿಕ್ಕಿದ್ದರೆ ಆಗಲೇ ಬಿಚ್ಚುವುದು ಸುಲಭ.

ದಾರ ಬಿಗಿ ಎಳೆದರೆ ಬಟ್ಟೆ ಸುರುಟಿಕೊಳ್ಳುತ್ತದೆ. ಸಣ್ಣ ಅಲೆಯಂತೆ ಉಬ್ಬುತಗ್ಗು ಬರುವುದು ಮಾತ್ರ ದೋಷವಲ್ಲ, ಕೌದಿಯ ಚೆಲುವೇ ಅದು. ದಿನಕ್ಕೊಂದು ಗಂಟೆ ಕೂತರೆ ಈ ಹಂತಕ್ಕೆ ಎರಡು ತಿಂಗಳು ಹಿಡಿಯಬಹುದು. ಅವಸರವಿದ್ದವರು ಕೌದಿ ಹೊಲಿಯುವುದಿಲ್ಲ.

ಅಂಚು

ಮೇಲ್ಪದರದ ಅಂಚಿಗೆ ಸರಿಯಾಗಿ ಒಳಪದರಗಳನ್ನು ಕತ್ತರಿಸಿ. ಬೆನ್ನಿನ ಬಟ್ಟೆಯನ್ನು ಮಾತ್ರ ಸುತ್ತಲೂ 1 ಇಂಚು ಹೆಚ್ಚು ಬಿಟ್ಟು ಕತ್ತರಿಸಬೇಕು. ಒಳಪದರ ಕತ್ತರಿಸುವಾಗ ಅದನ್ನು ಹಿಂದಕ್ಕೆ ಮಡಚಿಟ್ಟುಕೊಳ್ಳಿ. ಈಗ ಆ ಒಂದು ಇಂಚನ್ನು ಅರ್ಧಕ್ಕೆ ಮಡಚಿ, ಇನ್ನೊಮ್ಮೆ ಮಡಚಿ ಮೇಲ್ಪದರದ ಮೇಲೆ ತಂದರೆ ಅರ್ಧ ಇಂಚಿನ ಚೊಕ್ಕ ಗೋಟು ಬರುತ್ತದೆ. ಸಣ್ಣ ಓರೆ ಹೊಲಿಗೆಯಲ್ಲಿ ಕೂರಿಸಿ, ಒಳಪದರಕ್ಕೂ ಸೂಜಿ ತಾಗಲಿ. ಮೂಲೆಯಲ್ಲಿ ಮೊದಲು ತುದಿಯನ್ನು ತ್ರಿಕೋನವಾಗಿ ಒಳಕ್ಕೆ ಮಡಚಿ, ಆಮೇಲೆ ಎರಡೂ ಬದಿ ತಂದು ಕೂಡಿಸಿ. ಕಚ್ಚಾ ದಾರವೆಲ್ಲ ಕಿತ್ತುಹಾಕಿ.

ಬೆನ್ನಿನ ಒಂದು ಮೂಲೆಗೆ ಬಿಳಿ ಪಂಚೆಯ ಸಣ್ಣ ತುಂಡು ಹಚ್ಚಿ, ಯಾವ ಚೌಕ ಯಾರದ್ದು ಎಂಬುದನ್ನು ದಾರದಲ್ಲಿ ಬರೆಯಿರಿ. ಬಾಲ್ ಪೆನ್ನಿನಲ್ಲಿ ಬರೆದರೆ ಎರಡು ಒಗೆತಕ್ಕೆ ಹೋಗುತ್ತದೆ.

ಒಗೆಯುವುದು, ಇಡುವುದು

ತಣ್ಣೀರು, ಮೆದು ಸೋಪು. ಬ್ರಷ್ ಬೇಡ, ಒಗೆಯುವ ಕಲ್ಲಿನ ಮೇಲೆ ಬಡಿಯುವುದಂತೂ ಬೇಡವೇ ಬೇಡ. ಮಿಷನ್ ಆದರೆ ಮೆದು ಒಗೆತಕ್ಕಿಟ್ಟು ಒಂಟಿಯಾಗಿ ಹಾಕಿ. ಒದ್ದೆ ಕೌದಿ ಭಾರ; ಬಾಲ್ಕನಿಯ ಒಂದೇ ಕಂಬಿಗೆ ನೇತುಹಾಕಿದರೆ ಹೊಲಿಗೆ ಜಗ್ಗುತ್ತದೆ, ಮೂರು ನಾಲ್ಕು ಕಂಬಿಗಳ ಮೇಲೆ ಅಡ್ಡಡ್ಡ ಹರಡಿ. ಟೆರೇಸ್ ಇದ್ದವರು ಚಾಪೆ ಹಾಸಿ, ಬೆನ್ನು ಮೇಲಾಗಿ ಒಣಗಿಸಿ, ಬಣ್ಣ ಉಳಿಯುತ್ತದೆ. ಮಳೆಗಾಲದಲ್ಲಿ ಒಗೆಯಬೇಡಿ, ಒಳಪದರ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಫೆಬ್ರವರಿ-ಮಾರ್ಚಿನ ಬಿಸಿಲಿಗೆ ಕಾಯಿರಿ. ಎತ್ತಿಡುವಾಗ ಒಂದೇ ಗೆರೆಗೆ ಮಡಚದೆ ಪ್ರತಿ ಸಲ ಮಡಿಕೆ ಬದಲಿಸಿ, ಇಲ್ಲವೇ ಸುರುಳಿ ಸುತ್ತಿ.

ಕತ್ತರಿಸಿ ಉಳಿದ ಚೂರುಗಳನ್ನು ಎಸೆಯಬೇಡಿ. ಪ್ರತಿ ಬಟ್ಟೆಯದ್ದೂ ಅಂಗೈಯಗಲದ ಒಂದೆರಡು ತುಂಡು, ಅದೇ ದಾರದ ಉಳಿದ ರೀಲು, ಒಂದು ಸೂಜಿ, ಎಲ್ಲವನ್ನೂ ಕೌದಿಯ ಜೊತೆಗೊಂದು ಬಟ್ಟೆ ಚೀಲದಲ್ಲಿಡಿ. ಯಾವುದಾದರೂ ಚೌಕ ಪಿಸಿದರೆ ಅದನ್ನು ಕೀಳಬೇಕಿಲ್ಲ. ಅದೇ ಬಟ್ಟೆಯ ತುಂಡಿನ ಅಂಚು ಒಳಕ್ಕೆ ಮಡಚಿ ಮೇಲೆಯೇ ತೇಪೆ ಹಾಕಿ, ಹಳೇ ಸಾಲಿನ ಗುಂಟ ಮತ್ತೊಮ್ಮೆ ದಾರ ಹಾಯಿಸಿ.